ಪೆಟ್ಟಿಗೆಯೊಳಗೆ ಬಿಸಿಲು, ಮಳೆ, ಹಿಮ: ಗೀಸೆನ್ ಪಕ್ಕದ ಒಂದು ಉದ್ಯಮ

"ಫ್ರಿಜ್ ಮಾಡೋ ಕಂಪನಿಗೆ ಸೇರೋಕೆ ಜರ್ಮನಿವರೆಗೂ ಹೋಗಬೇಕಿತ್ತೇನಪ್ಪಾ?" ದಾವಣಗೆರೆಯ ತಂದೆಯೊಬ್ಬರು ಫೋನಿನಲ್ಲಿ ಮಗನಿಗೆ ಕೇಳಿದ ಈ ಪ್ರಶ್ನೆ ನಮ್ಮ ಕನ್ನಡ ಬಳಗದಲ್ಲಿ ಈಗ ತಮಾಷೆಯ ಮಾತಾಗಿದೆ. ಮಗ ಇಲ್ಲಿ ಎಂ.ಎಸ್. ಮುಗಿಸಿ ಕ್ಲೈಮೇಟ್ ಚೇಂಬರ್ ತಯಾರಿಸುವ ಉದ್ಯಮದಲ್ಲಿ ಕೆಲಸ ಹಿಡಿದಿದ್ದಾನೆ. ಆ ಕೆಲಸ ಎಂಥದ್ದು, ಎಷ್ಟು ಗಟ್ಟಿ ಎಂದು ಊರಿನಿಂದ ಕೇಳುವವರು ಅವರೊಬ್ಬರೇ ಅಲ್ಲ. ಎಂಜಿನಿಯರ್‌ಗಳು ವಿವರಿಸಲು ಹೊರಟರೆ ಅರ್ಧದಲ್ಲೇ ಇಂಗ್ಲಿಷಿಗೆ ಜಾರುತ್ತಾರೆ. ಹಾಗಾಗಿ ಲೆಕ್ಕಪತ್ರ ನೋಡುವ ನಮ್ಮಂಥವರು ಹೇಳುವುದೇ ಸರಿ ಎನಿಸಿತು.

ಫ್ರಾಂಕ್‌ಫರ್ಟ್‌ನಿಂದ ಉತ್ತರಕ್ಕೆ ಸುಮಾರು ಒಂದು ಗಂಟೆ ರೈಲಿನಲ್ಲಿ ಹೋದರೆ ಲಾನ್ ನದಿಯ ದಡದ ಗೀಸೆನ್ ಸಿಗುತ್ತದೆ. ವಿಶ್ವವಿದ್ಯಾಲಯದ ಊರು. ಓದಲು ಬಂದ ನಮ್ಮ ಕಡೆಯ ಹುಡುಗ ಹುಡುಗಿಯರು ಇಲ್ಲಿ ಬಹಳ. ಊರಿನ ಪೂರ್ವಕ್ಕೆ, ರೈಸ್‌ಕಿರ್ಷೆನ್‌ಗೆ ಸೇರಿದ ಲಿಂಡೆನ್‌ಸ್ಟ್ರೂಟ್ ಎಂಬ ಹಳ್ಳಿಯಲ್ಲಿ ವೈಸ್ ಟೆಕ್ನಿಕ್ ಕಂಪನಿಯಿದೆ. 1956ರಲ್ಲಿ ಕಾರ್ಲ್ ವೈಸ್ ಗೀಸೆನ್‌ನಲ್ಲಿ ಶುರುಮಾಡಿದ ಉದ್ಯಮ ಇದು; ಈಗ ಶುಂಕ್ ಸಮೂಹದ ಭಾಗ. ಇದೇ ಬಗೆಯ ಕೆಲಸದ ಬೈಂಡರ್ ಕಂಪನಿ ದಕ್ಷಿಣದ ಟುಟ್ಲಿಂಗೆನ್‌ನಲ್ಲಿದೆ, ಎಸ್ಪೆಕ್ ಜಪಾನಿನ ಒಸಾಕಾದಲ್ಲಿದೆ. ದೊಡ್ಡ ನಗರ ಬಿಟ್ಟು ಹಳ್ಳಿ ಮಗ್ಗುಲಲ್ಲಿ ಇಂಥ ಕಾರ್ಖಾನೆ ಇರುವುದು ಜರ್ಮನಿಯಲ್ಲಿ ಸಾಮಾನ್ಯ. ಮಗನ ವಿಳಾಸದಲ್ಲಿ ಹಳ್ಳಿಯ ಹೆಸರು ಕಂಡು ಗಾಬರಿಯಾಗುವ ಕಾರಣವಿಲ್ಲ.

ಚೇಂಬರ್ ಎಂದರೆ ಉಷ್ಣ ಹೊರಗೆ ಹೋಗದಂತೆ ದಪ್ಪ ಗೋಡೆ ಹಾಕಿದ ಪೆಟ್ಟಿಗೆ. ಮೇಜಿನ ಮೇಲೆ ಕೂರುವಷ್ಟು ಚಿಕ್ಕದೂ ಉಂಟು, ಕಾರನ್ನೇ ಒಳಗೆ ಓಡಿಸಿ ನಿಲ್ಲಿಸುವಂಥದ್ದೂ ಉಂಟು. ಒಳಗೆ ಬೇಕಾದ ಹವೆಯನ್ನು ತಯಾರಿಸಬೇಕು: ಮೈನಸ್ 40 ಡಿಗ್ರಿಯ ಚಳಿ, ಮುಂದಿನ ಗಳಿಗೆಗೆ 85 ಡಿಗ್ರಿ ಸೆಕೆ, ಜೊತೆಗೆ ಬೇಕೆಂದಷ್ಟೇ ತೇವಾಂಶ. ಮೈನಸ್ 70ರವರೆಗೆ ಇಳಿಯಬೇಕಾದರೆ ಒಂದು ಕಂಪ್ರೆಸರ್ ಸಾಲದು. ಎರಡು ಹಂತ ಬೇಕು, ಕೆಳಹಂತದ ಶಾಖವನ್ನು ಮೇಲಿನ ಹಂತ ಎಳೆದುಕೊಂಡು ಹೊರಹಾಕುತ್ತದೆ. ತೇವಾಂಶ ಅಳೆಯಲು ಅನೇಕ ಚೇಂಬರ್‌ಗಳಲ್ಲಿ ಒದ್ದೆ ಬತ್ತಿ ಸುತ್ತಿದ ಸಂವೇದಕ ಇರುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವುದು ಯಾವ ತತ್ವದಿಂದಲೋ ಇದೂ ಅದೇ ತತ್ವ. ಉಷ್ಣತೆ ಕೂದಲೆಳೆಯಷ್ಟೂ ಸರಿಯದಂತೆ ನಿಲ್ಲಿಸಲು ಹೀಟರ್ ಮತ್ತು ಕೂಲಿಂಗ್ ಎರಡೂ ಒಟ್ಟಿಗೆ ಓಡುವುದುಂಟು. ಬ್ರೇಕ್ ಒತ್ತಿಕೊಂಡೇ ಆಕ್ಸಿಲರೇಟರ್ ತುಳಿದ ಹಾಗೆ. ಬಳಸುವವರ ಕರೆಂಟ್ ಬಿಲ್ಲು ನೋಡಿದರೆ ಎದೆ ಝಲ್ಲೆನ್ನುತ್ತದೆ.

ಇದರೊಳಗೆ ಏನಿಡುತ್ತಾರೆ? ನಿಮ್ಮ ಮನೆಯಲ್ಲಿರುವ ವಸ್ತುಗಳ ಪಟ್ಟಿ ಮಾಡಿದರೆ ಹೆಚ್ಚುಕಡಿಮೆ ಎಲ್ಲವೂ ಬರುತ್ತದೆ. ಮಾತ್ರೆಗಳನ್ನು 40 ಡಿಗ್ರಿ, ಶೇ 75ರ ತೇವಾಂಶದಲ್ಲಿ 6 ತಿಂಗಳು ಇಟ್ಟು ಔಷಧದ ಗುಣ ಉಳಿದಿದೆಯೇ ಎಂದು ನೋಡುತ್ತಾರೆ. ಪೊಟ್ಟಣದ ಮೇಲಿನ 'ಇಷ್ಟರೊಳಗೆ ಬಳಸಿ' ದಿನಾಂಕದ ಹಿಂದೆ ಇಂಥ ಪರೀಕ್ಷೆಯಿದೆ. ಸೌರಫಲಕಕ್ಕೆ ಇನ್ನೂ ಕಠಿಣ. ಐಇಸಿ 61215 ಮಾನದಂಡದಂತೆ 85 ಡಿಗ್ರಿ, ಶೇ 85ರ ತೇವಾಂಶದಲ್ಲಿ 1,000 ಗಂಟೆ, ಅಂದರೆ ಸುಮಾರು 42 ದಿನ, ಬೇಯಬೇಕು. ಬೇರೊಂದು ಮಾದರಿ ಫಲಕ ಮೈನಸ್ 40ರಿಂದ 85 ಡಿಗ್ರಿಗೆ 200 ಬಾರಿ ಏರಿಳಿಯಬೇಕು. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟ ರೈತರ ಹೊಲದಲ್ಲಿ ನಿಂತಿರುವಂಥ ಫಲಕಗಳಿಗೂ ಈ ಮಾನದಂಡವೇ ಆಧಾರ. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಉಪಗ್ರಹಗಳನ್ನು ಗಾಳಿಯೇ ಇಲ್ಲದ ಚೇಂಬರಿನಲ್ಲಿ ಕಾಯಿಸಿ, ತಣಿಸಿ ನೋಡುವುದೂ ಇದೇ ವಂಶದ ವಿದ್ಯೆ.

ಬ್ಯಾಟರಿಯ ವಿಷಯ ಬಂದಾಗ ಮಾತು ಗಂಭೀರವಾಗುತ್ತದೆ. 2022ರ ಬೇಸಿಗೆಯಲ್ಲಿ ನಮ್ಮ ದೇಶದಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳು ಹೊತ್ತಿ ಉರಿದದ್ದನ್ನು ನೀವೆಲ್ಲ ಓದಿದ್ದೀರಿ, ಜೀವಗಳೂ ಹೋದವು. ಆಮೇಲೆ ಸರ್ಕಾರ ಎಐಎಸ್-156 ನಿಯಮ ಬಿಗಿಗೊಳಿಸಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಅಂತ್ಯದಿಂದ ಎರಡು ಹಂತದಲ್ಲಿ ಜಾರಿಗೆ ತಂದಿತು. ಒಂದು ಸೆಲ್ ಕಾದು ಕೆಟ್ಟರೆ ಬೆಂಕಿ ಪಕ್ಕದ ಸೆಲ್‌ಗಳಿಗೆ ಹಬ್ಬುತ್ತದೆಯೇ ಎಂಬ ಪರೀಕ್ಷೆಯೂ ಅದರಲ್ಲಿದೆ. ಬ್ಯಾಟರಿ ಇಡುವ ಚೇಂಬರ್ ಸಾಮಾನ್ಯ ಪೆಟ್ಟಿಗೆಯಾಗಿದ್ದರೆ ನಡೆಯದು: ಒತ್ತಡ ಹೊರಬಿಡುವ ಕಿಂಡಿ, ಅನಿಲ ಪತ್ತೆ ಸಾಧನ, ಬಾಗಿಲು ಸಿಡಿಯದಂತೆ ಬೀಗ, ಬೆಂಕಿ ಆರಿಸುವ ಏರ್ಪಾಡು ಬೇಕು. ದಾವಣಗೆರೆಯ ಆ ಹುಡುಗ ಬರೆಯುವ ಸಾಫ್ಟ್‌ವೇರ್ ಇಂಥ ಚೇಂಬರನ್ನು ಕಾಯುವಂಥದ್ದು. ತಂದೆಗೆ ಇದನ್ನು ಹೇಳಿದ ಮೇಲೆ ಫ್ರಿಜ್ಜಿನ ಮಾತು ನಿಂತಿದೆ ಎಂದು ಕೇಳಿದ್ದೇವೆ.

ಇನ್ನು ಕೆಲಸ ಗಟ್ಟಿಯೋ ಎಂಬ ಪ್ರಶ್ನೆ. ಜರ್ಮನಿಯ ಕಾರು ಉದ್ಯಮ ಮಂಕಾಗಿದೆ ಎಂಬ ಸುದ್ದಿ ಟಿವಿಯಲ್ಲಿ ಬಂದ ರಾತ್ರಿಯೇ ಊರಿನಿಂದ ಫೋನುಗಳು ಬರುತ್ತವೆ. ಚೇಂಬರ್ ಕೊಳ್ಳುವವರಲ್ಲಿ ಕಾರಿನವರು ದೊಡ್ಡ ಪಾಲು, ಆದರೆ ಔಷಧ, ವಿಮಾನ, ಎಲೆಕ್ಟ್ರಾನಿಕ್ಸ್‌ನವರೂ ಇದ್ದಾರೆ. ಮಾರಿದ ಚೇಂಬರಿಗೆ ವರ್ಷ ವರ್ಷ ಕ್ಯಾಲಿಬ್ರೇಷನ್, ಸರ್ವಿಸ್ ಬೇಕು. ಹೊಸ ಯಂತ್ರದ ಮಾರಾಟ ಕುಸಿದ ವರ್ಷವೂ ಈ ಆದಾಯ ಕೈಬಿಡುವುದಿಲ್ಲ.

ಕಂಪನಿಯ ಲಾಭ ಇಳಿದಿದೆ ಎಂದ ಮಾತ್ರಕ್ಕೆ ಕೆಲಸ ಹೋಯಿತು ಎಂದುಕೊಳ್ಳಬೇಡಿ. ಜರ್ಮನ್ ವಾಣಿಜ್ಯ ಸಂಹಿತೆಯಂತೆ, ಆರ್ಡರ್ ಮೇಲೆ ಕಟ್ಟುವ ಯಂತ್ರದ ಲಾಭವನ್ನು ಗ್ರಾಹಕ ಪರೀಕ್ಷಿಸಿ ಒಪ್ಪಿಕೊಳ್ಳುವವರೆಗೆ ಪುಸ್ತಕಕ್ಕೆ ತರುವಂತಿಲ್ಲ. ಅಲ್ಲಿಯವರೆಗೆ ಅದು ಖರ್ಚಿನ ಬೆಲೆಯಲ್ಲಿ ಕೂತ ಅಪೂರ್ಣ ಸರಕು. ನಷ್ಟ ಬರಬಹುದು ಎಂಬ ಗುಮಾನಿ ಇದ್ದರೆ ಮಾತ್ರ ಕೂಡಲೇ ಬರೆಯಬೇಕು. ಹಾಗಾಗಿ ಶೆಡ್ ತುಂಬ ಚೇಂಬರ್ ನಿಂತಿದ್ದು, ಜನ ಓವರ್‌ಟೈಮ್ ಮಾಡುತ್ತಿದ್ದರೂ ಡಿಸೆಂಬರಿನ ಲೆಕ್ಕ ಬಡವಾಗಿ ಕಾಣಬಹುದು. ನೋಡಬೇಕಾದ್ದು ಆರ್ಡರ್‌ಗಳ ಅಂಕಿಯನ್ನು. ಮಧ್ಯಮ ಮತ್ತು ದೊಡ್ಡ ಕಂಪನಿಗಳು ವಾರ್ಷಿಕ ಲೆಕ್ಕದ ಜೊತೆ 'ಲಾಗೆಬೆರಿಷ್ಟ್' ಎಂಬ ವರದಿಯನ್ನು ಸರ್ಕಾರದ ಉದ್ಯಮ ನೋಂದಣಿಯಲ್ಲಿ ಪ್ರಕಟಿಸುತ್ತವೆ. ಯಾರು ಬೇಕಾದರೂ ತೆರೆದು ಓದಬಹುದು, ದುಡ್ಡು ಕೊಡಬೇಕಿಲ್ಲ. ಹೊಸ ಆರ್ಡರ್, ಕೈಯಲ್ಲಿರುವ ಆರ್ಡರ್ ಎಷ್ಟು ಎಂಬುದು ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ.

ಹಾಸನ ಕಡೆಯ ಇನ್ನೊಬ್ಬ ಹುಡುಗ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರ ಪರೀಕ್ಷಾ ಲ್ಯಾಬಿನಲ್ಲಿದ್ದಾನೆ. ಅಲ್ಲಿ 'ಕುರ್ಟ್ಸ್‌ಆರ್ಬೈಟ್', ಅಂದರೆ ಕೆಲಸದ ಸಮಯ ಕಡಿತ, ಬಂತು. ಊರಿನಲ್ಲಿ ಮನೆ ಸಾಲದ ಕಂತು ನಡೆಯುತ್ತಿದೆ. ಅಪ್ಪ ಅಮ್ಮನಿಗೆ ಹೇಳಲಿಲ್ಲ. ಎರಡು ತಿಂಗಳು ಕಡಿಮೆ ಹಣ ಬಂದಾಗ ಅವರಿಗೆ ಮಗನ ನಡತೆಯ ಮೇಲೇ ಅನುಮಾನ ಬಂತು. ಈ ಪದ್ಧತಿ ಗೊತ್ತಿದ್ದರೆ ಅಷ್ಟು ದೂರ ಹೋಗುತ್ತಿರಲಿಲ್ಲ. ಇಲ್ಲಿ ಉದ್ಯೋಗ ಒಪ್ಪಂದ ಹಾಗೇ ಉಳಿಯುತ್ತದೆ. ಕಡಿತದಿಂದ ಕೈಗೆ ಬರುವ ಸಂಬಳ ಎಷ್ಟು ಇಳಿಯಿತೋ ಅದರ ಶೇ 60ರಷ್ಟನ್ನು, ಮಕ್ಕಳಿದ್ದವರಿಗೆ ಶೇ 67ರಷ್ಟನ್ನು, ಉದ್ಯೋಗ ವಿಮೆಯ ನಿಧಿ ಭರಿಸುತ್ತದೆ. ಸಂಬಳ ಇಳಿಯುತ್ತದೆ ನಿಜ, ಕೆಲಸ ಹೋಗಿರುವುದಿಲ್ಲ. ಬಳಗದ ಹಿರಿಯರೊಬ್ಬರು ಹಾಸನಕ್ಕೆ ಫೋನ್ ಮಾಡಿ ವಿವರಿಸಿದರು. ತಂದೆ ಬ್ಯಾಂಕಿಗೆ ಹೋಗಿ ಕಂತಿನ ಅವಧಿ ಹೆಚ್ಚಿಸಿಕೊಂಡರು.

ಚೇಂಬರ್ ಮಾಡುವವರಿಗೆ ಈಗ ಹೊಸ ಕೆಲಸ ತಂದಿರುವುದು ಶೀತಕ ಅನಿಲ. ತೀರಾ ಕೆಳಗಿನ ಉಷ್ಣತೆಗೆ ಬಹುಕಾಲ ಬಳಸಿದ ಆರ್-23 ಒಂದು ಕಿಲೋ ಸೋರಿದರೆ 14,800 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ತಾಪ. ಯುರೋಪ್ ಒಕ್ಕೂಟದ 2024ರ ಕಾನೂನು ಈ ಜಾತಿಯ ಅನಿಲಗಳನ್ನು 2050ರ ಹೊತ್ತಿಗೆ ಪೂರ್ತಿ ನಿಲ್ಲಿಸಬೇಕೆನ್ನುತ್ತದೆ. ವೈಸ್ ಟೆಕ್ನಿಕ್ ರೂಪಿಸಿದ ಡಬ್ಲ್ಯುಟಿ69 ಎಂಬ ಮಿಶ್ರಣದಲ್ಲಿ ಅದೇ ಲೆಕ್ಕ 1,357ಕ್ಕೆ ಇಳಿದಿದೆ, ಬೆಂಕಿಯೂ ಹೊತ್ತುವುದಿಲ್ಲ. ಇಷ್ಟಾದರೂ 2050ಕ್ಕೆ ಇದೂ ಸಾಲದು. ಹಾಗಾಗಿ ರೆಫ್ರಿಜರೇಷನ್ ಚೆನ್ನಾಗಿ ಬಲ್ಲ ಎಂಜಿನಿಯರ್‌ಗೆ ಇಲ್ಲಿ ಬೇಡಿಕೆಯಿದೆ. ಊರಿನಲ್ಲಿ ಮೆಕ್ಯಾನಿಕಲ್ ಓದುತ್ತಿರುವ ಮಕ್ಕಳಿದ್ದರೆ ಎಲ್ಲರೂ ಕಂಪ್ಯೂಟರ್ ಕೋರ್ಸಿಗೇ ಹಾರುವ ಮೊದಲು ಥರ್ಮೋಡೈನಮಿಕ್ಸ್ ಪುಸ್ತಕ ಇನ್ನೊಮ್ಮೆ ತೆರೆಯಲಿ. ಜೊತೆಗೆ ಜರ್ಮನ್ ಭಾಷೆ ಬಿ1 ಮಟ್ಟಕ್ಕಾದರೂ ಕಲಿತು ಬರಲಿ; ಹಳ್ಳಿಯ ಕಾರ್ಖಾನೆಯ ಶಾಪ್‌ಫ್ಲೋರಿನಲ್ಲಿ ಇಂಗ್ಲಿಷ್ ಅಷ್ಟಾಗಿ ಓಡುವುದಿಲ್ಲ.