ಹಾಳೆ ತಟ್ಟೆ: ಯಂತ್ರ ಉಂಟು, ಹಾಳೆ ಎಲ್ಲಿ?

ನಮ್ಮಲ್ಲಿಂದ ಪೇಟೆಗೆ ಹೋಗುವಾಗ, ಪೇಟೆ ಮುಟ್ಟುವ ಮೊದಲೇ ಎಡಬದಿಗೆ ಒಂದು ಶೀಟಿನ ಶೆಡ್ ಸಿಗುತ್ತದೆ. ಅದು ಹಾಳೆ ತಟ್ಟೆಯ ಘಟಕ. ಆರು ಮಂದಿ ಹೆಂಗಸರು, ಇಬ್ಬರು ಹುಡುಗರು ಅಲ್ಲಿ ಕೆಲಸಕ್ಕಿದ್ದಾರೆ. ಕಳೆದ ಆಗಸ್ಟಿನಲ್ಲಿ ಹೋದಾಗ ಯಂತ್ರ ತಣ್ಣಗಿತ್ತು. "ಹಾಳೆ ಬರ್ತದಾ ಅಣ್ಣ? ನಾಳೆ ಬರ್ಬೇಕಾ, ಬೇಡ್ವಾ?" ಎಂದು ಒಬ್ಬರು ಅಕ್ಕ ಯಜಮಾನರನ್ನು ಕೇಳುತ್ತಿದ್ದರು. ಆರ್ಡರ್ ಇತ್ತು, ಅಪರೂಪಕ್ಕೆ ಕರೆಂಟೂ ಇತ್ತು. ಇಲ್ಲದ್ದು ಹಾಳೆ ಮಾತ್ರ. ಶೆಡ್ಡಿನ ಸುತ್ತ ಎಲ್ಲಿ ನೋಡಿದರೂ ಅಡಿಕೆ ಮರ!

ಸಣ್ಣ ಪೇಟೆಗೆ ಉದ್ಯೋಗ ಬರಬೇಕೆಂದರೆ ನಾವು ಮೊದಲು ಮಾತಾಡುವುದು ಸಾಲ, ಸಬ್ಸಿಡಿ, ಯಂತ್ರದ ವಿಷಯ. ಹಾಳೆ ತಟ್ಟೆಯ ಮಟ್ಟಿಗೆ ಕಷ್ಟ ಇರುವುದು ತೋಟದಲ್ಲಿ. ಒಂದು ಲೆಕ್ಕ ಹಾಕಿ ನೋಡುವಾ.

ದಿನಕ್ಕೆ 1000 ದೊಡ್ಡ ತಟ್ಟೆ ಒತ್ತುವ ಘಟಕ ಎಂದಿಟ್ಟುಕೊಳ್ಳಿ. ಒಂದು ಹಾಳೆಗೆ ದೊಡ್ಡ ತಟ್ಟೆ ಒಂದೇ. ಉಳಿದ ಭಾಗದಲ್ಲಿ ಒಂದೆರಡು ಸಣ್ಣ ಬಟ್ಟಲು ಆದೀತು. ವರ್ಷದಲ್ಲಿ 300 ದಿನ ಕೆಲಸ ಕೊಡಬೇಕಾದರೆ 3 ಲಕ್ಷ ಹಾಳೆ ಬೇಕು. ಒಂದು ಮರದಿಂದ ವರ್ಷಕ್ಕೆ ಬೀಳುವುದು ಐದೋ ಆರೋ. ಮಳೆಗಾಲದ್ದು, ಸೀಳಿದ್ದು, ಸಣ್ಣದು ಕಳೆದು ಮೂರು ಒಳ್ಳೆಯದು ಸಿಕ್ಕಿದರೂ 1 ಲಕ್ಷ ಮರ ಆಯಿತು. ಒಂಬತ್ತು ಅಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 540 ಮರ. ಎಂದರೆ 185 ಎಕರೆ! ಎರಡೆರಡು ಎಕರೆಯ ನಮ್ಮಂಥವರು ತೊಂಬತ್ತಕ್ಕೂ ಹೆಚ್ಚು ಮಂದಿ ತಪ್ಪದೆ ಹಾಳೆ ಕೊಟ್ಟರೆ ಆ ಒಂದು ಶೆಡ್ ವರ್ಷವಿಡೀ ನಡೆದೀತು. ನನಗೂ ಈ ಲೆಕ್ಕ ಹಾಕುವವರೆಗೆ ಇದು ಹೊಳೆದಿರಲಿಲ್ಲ.

ಒಳಗಿನ ಕೆಲಸ ಸರಳ. ಒಣ ಹಾಳೆಯನ್ನು ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿ, ಬ್ರಶ್ಶಿನಿಂದ ಉಜ್ಜಿ, ನೀರು ಇಳಿಯಲು ನಿಲ್ಲಿಸುತ್ತಾರೆ. ಹದ ಬಂದ ಮೇಲೆ ಬಿಸಿ ಡೈಯಲ್ಲಿಟ್ಟು ಒತ್ತುತ್ತಾರೆ. ಬಿಸಿ ಹೆಚ್ಚಾದರೆ ತಟ್ಟೆ ಕರಟುತ್ತದೆ. ಹಾಳೆಯಲ್ಲಿ ನೀರು ಉಳಿದಿದ್ದರೆ ಆಮೇಲೆ ಸೊಟ್ಟಗಾಗುತ್ತದೆ, ಬೂಸ್ಟು ಬರುತ್ತದೆ. ಯಂತ್ರದ ಮುಂದೆ ಬೇಕಾದ್ದು ಒಬ್ಬಿಬ್ಬರು. ತೊಳೆಯುವುದು, ಅಂಚು ಕತ್ತರಿಸುವುದು, ಆರಿಸುವುದು, ಕಟ್ಟುವುದು ಎಂದು ಉಳಿದವರಿಗೆ ಕೈತುಂಬ ಕೆಲಸ. ಕೆಟ್ಟ ಹಾಳೆ ಬಂದರೆ ಇಷ್ಟೂ ಜನರ ಅರ್ಧ ದಿನ ದಂಡ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಒಂದು ಮೇ ತಿಂಗಳ ಮಳೆಗೆ ನೆನೆದ ಹಾಳೆಗಳನ್ನು ಒಣಗಿದವುಗಳ ನಡುವೆ ಸೇರಿಸಿ ಕಟ್ಟಿ ಕೊಟ್ಟುಬಿಟ್ಟೆ. ಹದಿನೈದು ದಿನದಲ್ಲಿ ಬೂಸ್ಟು ಕಟ್ಟಿನಿಂದ ಕಟ್ಟಿಗೆ ದಾಟಿ, ಶೆಡ್ಡಿನ ಒಂದು ಮೂಲೆ ಇಡೀ ಹೋಯಿತು. ಯಜಮಾನರು ಬೈಯಲಿಲ್ಲ. ಆದರೆ ಹೆಂಗಸರಿಗೆ ಆ ವಾರ ಮೂರೇ ದಿನ ಕೆಲಸ.

ಹೆಕ್ಕುವ ಕ್ರಮ ಹೀಗೆ ಇಟ್ಟುಕೊಂಡಿದ್ದೇನೆ. ಡಿಸೆಂಬರಿನಿಂದ ಮೇ ವರೆಗೆ ದಿನ ಬಿಟ್ಟು ದಿನ ತೋಟಕ್ಕೆ ಒಂದು ಸುತ್ತು. ಬಿದ್ದಲ್ಲಿಯೇ ಸೋಗೆ ಕಡಿದು ಬುಡಕ್ಕೆ ಹಾಕುವುದು, ಹಾಳೆ ಮಾತ್ರ ಅಂಗಳಕ್ಕೆ. ನೀರಾವರಿಯ ಸ್ಪ್ರಿಂಕ್ಲರ್ ತಿರುಗುವ ಮೊದಲೇ ಹೆಕ್ಕಬೇಕು, ಇಲ್ಲದಿದ್ದರೆ ಕಲೆ ಬೀಳುತ್ತದೆ. ಎರಡು ಮೂರು ಬಿಸಿಲು ಕೊಟ್ಟು, ಕಟ್ಟು ಮಾಡಿ, ನೆಲದ ತಂಪು ತಾಗದ ಹಾಗೆ ಅಟ್ಟದಲ್ಲಿ ಇಡುವುದು. ಬೋರ್ಡೋ ಬಿದ್ದು ನೀಲಿ ಕಲೆಯಾದ ಹಾಳೆ ತಟ್ಟೆಗೆ ಬೇಡವೇ ಬೇಡ. ಮೈಲುತುತ್ತಿನಲ್ಲಿ ಊಟ ಮಾಡಿಸಬಾರದಲ್ಲ! ಅದು ತೋಟದ ಮುಚ್ಚಿಗೆಗೆ ಹೋಗಲಿ.

ಇದಕ್ಕೆಂದೇ ಆಳು ಹಾಕಿದರೆ ಗಿಟ್ಟುವುದಿಲ್ಲ. ನೀರು ತಿರುಗಿಸಲು ಹೋದವರು ಬರುವಾಗ ನಾಲ್ಕು ತಂದರೆ ಮಾತ್ರ ಲೆಕ್ಕ ಕೂಡುತ್ತದೆ. ದನ ಇರುವವರಿಗೆ ಹಸಿ ಹಾಳೆ ಮೇವು; ಅವರನ್ನು ಕೊಡಿ ಎಂದು ಒತ್ತಾಯಿಸುವುದೂ ಸರಿಯಲ್ಲ.

ಇನ್ನು ಮಾರುಕಟ್ಟೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ದೇಶದಲ್ಲಿ ನಿಷೇಧ ಬಂತು. ಹಾಳೆ ತಟ್ಟೆಯವರಿಗೆ ಇದರಿಂದ ಧೈರ್ಯ ಬಂದದ್ದು ಹೌದು. ಆದರೆ ಪರದೇಶದ ಬಾಗಿಲು ನಂಬಿದವರಿಗೆ 2025ರ ಮೇಯಲ್ಲಿ ಪೆಟ್ಟು ಬಿತ್ತು. ಅಡಿಕೆಯಲ್ಲಿ ಸಹಜವಾಗಿರುವ ಅರೆಕೋಲಿನ್‌ನಂಥ ಅಂಶಗಳು ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹಾಳೆ ತಟ್ಟೆಯ ಆಮದಿಗೆ ತಡೆ ಹಾಕಿತು. ಅಡಿಕೆಯನ್ನು ಕ್ಯಾನ್ಸರ್ ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ವರ್ಗೀಕರಿಸಿದ್ದರ ನೆರಳು ಈಗ ಹಾಳೆಯ ಮೇಲೂ ಬಿದ್ದ ಹಾಗಾಯಿತು. "ನಾವು ಅಜ್ಜನ ಕಾಲದಿಂದ ಹಾಳೆಯಲ್ಲಿ ಉಂಡವರು" ಎಂದು ಹಲವರು ಸಿಟ್ಟು ಮಾಡಿಕೊಂಡರು. ಸಿಟ್ಟು ನನಗೂ ಬಂತು. ಆದರೂ ಈ ಮಾತಿಗೆ ಉತ್ತರ ಸಿಗಬೇಕಾದ್ದು ಪ್ರಯೋಗಶಾಲೆಯಲ್ಲಿ: ಬಿಸಿ ಸಾರು ಹಾಕಿಟ್ಟರೆ ತಟ್ಟೆಯಿಂದ ಏನು, ಎಷ್ಟು ಇಳಿಯುತ್ತದೆ ಎಂದು ಅಳೆದು. ಸಣ್ಣ ಘಟಕದವರು ಒಬ್ಬೊಬ್ಬರೇ ಇದನ್ನು ಮಾಡಿಸಲು ಆಗದು. ಸೇರಿ ಮಾಡಿಸಬೇಕು, ಫಲಿತಾಂಶ ಏನೇ ಬಂದರೂ ಮುಚ್ಚಿಡಬಾರದು.

ನಮ್ಮ ಪೇಟೆಯ ಶೆಡ್ಡಿನವರು ಪರದೇಶಕ್ಕೆ ಕಳಿಸುವ ಗೋಜಿಗೆ ಹೋದವರಲ್ಲ. ಸುತ್ತಲಿನ ಮದುವೆ, ಉಪನಯನ, ಜಾತ್ರೆಗಳೇ ಅವರ ಗಿರಾಕಿ. ಅವರ ಚಿಂತೆ ಬರುವ ಮಳೆಗಾಲದ್ದು. ಈ ಬೇಸಗೆಗೆ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ಪ್ರತಿ ಶನಿವಾರ ಅವರ ಪಿಕಪ್ ನಮ್ಮ ರಸ್ತೆಗೆ ಬರುತ್ತದೆ. ಕಟ್ಟಿಗೆ ಐವತ್ತು ಹಾಳೆ, ಒಣಗಿದ್ದು ಮಾತ್ರ, ದುಡ್ಡು ಅಲ್ಲಿಯೇ. ಒದ್ದೆ ಹಾಳೆ ಕಂಡರೆ ಕಟ್ಟು ಬಿಚ್ಚಿ ಹಿಂದೆ ಕೊಡುತ್ತಾರೆ. ಹದಿನೇಳು ಮನೆಯವರು ಒಪ್ಪಿದ್ದೇವೆ. ತೊಂಬತ್ತಕ್ಕೆ ಇನ್ನೂ ಬಹಳ ಉಂಟು. ಆ ಅಕ್ಕ ಮೊನ್ನೆ ಸಿಕ್ಕಿದಾಗ ಕೇಳಿದ್ದೂ ಅದನ್ನೇ: "ಉಳಿದವ್ರು ಯಾವಾಗ ಕೊಡ್ತಾರಂತೆ?"