ಗುಡ್ಡನಾಡಿನ ಮಕ್ಕಳೂ ಕುಡುಗೋಲು ಕಣದ ರೋಗವೂ

ವಿಶಾಖಪಟ್ಟಣದ ಹೊರವಲಯದಲ್ಲಿ, ಉಕ್ಕಿನ ಕಾರ್ಖಾನೆಯ ನೆರೆಯಲ್ಲಿರುವ ದುವ್ವಾಡವು ಹೌರಾದಿಂದ ಚೆನ್ನೈಗೆ ಸಾಗುವ ಮುಖ್ಯ ರೈಲುಮಾರ್ಗದ ಒಂದು ನಿಲ್ದಾಣ. ನಗರದೊಳಕ್ಕೆ ಹೊಗದೆ ಮುಂದುವರಿಯುವ ಕೆಲವು ದೂರಗಾಮಿ ಗಾಡಿಗಳ ಪ್ರಯಾಣಿಕರಿಗೆ ಇದೇ ವಿಶಾಖಪಟ್ಟಣದ ಬಾಗಿಲು. ಇಲ್ಲಿ ಇಳಿದವರಿಗೆ ಒಂದು ಮಗ್ಗುಲಲ್ಲಿ ಸಮುದ್ರವಾದರೆ, ಇನ್ನೊಂದು ಮಗ್ಗುಲಲ್ಲಿ, ದೂರದಲ್ಲಿ, ಪೂರ್ವಘಟ್ಟಗಳು ಏರುತ್ತ ಹೋಗಿ ಅನಂತಗಿರಿ, ಅರಕು, ಪಾಡೇರು, ಚಿಂತಪಲ್ಲಿಗಳ ಮಲೆನಾಡಾಗುತ್ತವೆ. 2022ರ ಏಪ್ರಿಲಿನಲ್ಲಿ ಅಲ್ಲೂರಿ ಸೀತಾರಾಮರಾಜು ಜಿಲ್ಲೆಯೆಂದು ಪ್ರತ್ಯೇಕಗೊಂಡು, ಜನರ ಮಾತಿನಲ್ಲಿ ಇಂದಿಗೂ ‘ಏಜೆನ್ಸಿ’ಯೆಂದೇ ಕರೆಯಿಸಿಕೊಳ್ಳುವ ಈ ಪ್ರದೇಶದಲ್ಲಿ ಬಗತರು, ಕೊಂಡದೊರೆಗಳು, ವಾಲ್ಮೀಕಿಗಳು, ಪೊರಜರು, ಖೋಂಡರು ಮುಂತಾದ ಗಿರಿಜನರು ತಲೆತಲಾಂತರದಿಂದ ವಾಸವಾಗಿದ್ದಾರೆ. ಇವರ ಕೆಲವು ಕುಟುಂಬಗಳಲ್ಲಿ ತಂದೆತಾಯಿಗಳಿಂದ ಮಕ್ಕಳಿಗೆ, ಯಾರಿಗೂ ತಿಳಿಯದಂತೆ, ಇಳಿದು ಬರುವ ರಕ್ತದ ರೋಗವೊಂದುಂಟು. ಸರ್ಕಾರದ ಕಾಗದಗಳಲ್ಲಿ ಅದು ಕುಡುಗೋಲು ಕಣ ರಕ್ತಹೀನತೆ. ಆಸ್ಪತ್ರೆಯ ಪಡಸಾಲೆಯಲ್ಲಿ, ಕನ್ನಡಿಗರ ಬಾಯಲ್ಲೂ ತೆಲುಗರ ಬಾಯಲ್ಲೂ, ಸಿಕಲ್ ಸೆಲ್.

ಆ ರೋಗ ಮೊದಲು ಮುಖ ತೋರುವುದು ಅಷ್ಟೇನೂ ಭಯ ಹುಟ್ಟಿಸದ ರೀತಿಯಲ್ಲಿ. ಹುಟ್ಟಿದಂದಿನಿಂದ ಹಾಲು ಕುಡಿದು ನಗುನಗುತ್ತ ಬೆಳೆದ ಎಂಟೊಂಬತ್ತು ತಿಂಗಳ ಕೂಸು ಒಂದು ಮುಂಜಾನೆ ಚೀರುತ್ತ ಏಳುತ್ತದೆ; ಎತ್ತಿಕೊಂಡು ನೋಡಿದರೆ ಎರಡೂ ಅಂಗೈಗಳ ಹಿಂಬದಿ ಬಾತುಕೊಂಡಿದೆ, ಬೆರಳುಗಳು ಉಬ್ಬಿ ಬಿಗಿದಿವೆ, ಪಾದಗಳಲ್ಲಿಯೂ ಅದೇ ಊತ. ನಿನ್ನೆಯವರೆಗೆ ಅಂಬೆಗಾಲಿಡುತ್ತಿದ್ದ ಮಗು ಇಂದು ನೆಲಕ್ಕೆ ಕೈಯೂರಲೊಲ್ಲದು. ಹುಳು ಕಡಿಯಿತೋ ಕೈ ಉಳುಕಿತೋ ಎಂದು ಎಣ್ಣೆ ಸವರಿ ಹರಕೆ ಹೊತ್ತ ಮೇಲೆ ಕೆಲವು ದಿನಗಳಲ್ಲಿ ಊತ ತಾನಾಗಿ ಇಳಿಯುತ್ತದೆ. ಮನೆಯವರು ಅದನ್ನು ಮರೆಯುತ್ತಾರೆ. ಆದರೆ ಆ ಪುಟ್ಟ ಬೆರಳುಗಳ ಎಲುಬಿನೊಳಗೆ ರಕ್ತದ ಹರಿವು ನಿಂತುಹೋಗಿತ್ತೆಂಬುದನ್ನೂ, ಇದೇ ತಡೆ ಮುಂದೆ ಬೆನ್ನಿನಲ್ಲಿ, ತೊಡೆಯಲ್ಲಿ, ಎದೆಯಲ್ಲಿ, ಮೆದುಳಿನಲ್ಲಿ ಸಂಭವಿಸಬಹುದೆಂಬುದನ್ನೂ ಬಲ್ಲ ವೈದ್ಯನಿಗೆ ಆ ಊತವೇ ಸಾಕಷ್ಟು ಸ್ಪಷ್ಟವಾದ ಸೂಚನೆ.

ಆರೋಗ್ಯವಂತನ ಕೆಂಪು ರಕ್ತಕಣವು ದುಂಡಗೆ, ಮೆತ್ತಗೆ, ತನಗಿಂತ ಕಿರಿದಾದ ನಾಳದಲ್ಲಿಯೂ ಬಾಗಿ ಬಳುಕಿ ನುಸುಳಬಲ್ಲುದು. ಅದರ ಆಯುಸ್ಸು ಸುಮಾರು 120 ದಿನ. ಈ ರೋಗಿಯ ರಕ್ತದಲ್ಲಿಯಾದರೋ, ಆಮ್ಲಜನಕವನ್ನು ಒಪ್ಪಿಸಿ ಬರಿದಾದೊಡನೆ ಹಿಮೋಗ್ಲೋಬಿನ್ನಿನ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಎಳೆಗಳಾಗಿ, ಕಣವನ್ನು ಕುಡುಗೋಲಿನಂತೆ ಬಾಗಿಸಿ ಪೆಡಸುಗೊಳಿಸುತ್ತವೆ. ಅಂಥ ಕಣಗಳು ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ದಾರಿ ಕಟ್ಟುತ್ತವೆ, ಮತ್ತು ಹತ್ತಿಪ್ಪತ್ತು ದಿನಗಳಲ್ಲಿಯೇ ಒಡೆದುಹೋಗುತ್ತವೆ. ಕಟ್ಟಿದ ನಾಳದಿಂದ ನೋವು, ಒಡೆದ ಕಣಗಳಿಂದ ರಕ್ತಹೀನತೆ ಮತ್ತು ಕಾಮಾಲೆ: ರೋಗದ ಸಕಲ ಲಕ್ಷಣಗಳೂ ಈ ಎರಡರಿಂದಲೇ ಹೊರಡುವಂಥವು. 1910ರಲ್ಲಿ ಷಿಕಾಗೋ ನಗರದ ವೈದ್ಯ ಜೇಮ್ಸ್ ಹೆರಿಕ್, ಗ್ರೆನಡಾ ದ್ವೀಪದಿಂದ ಬಂದಿದ್ದ ವಿದ್ಯಾರ್ಥಿಯೊಬ್ಬನ ರಕ್ತದಲ್ಲಿ ಈ ಬಾಗಿದ ಕಣಗಳನ್ನು ಕಂಡು ವರದಿ ಮಾಡಿದನು. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಅವನ ಸಹೋದ್ಯೋಗಿಗಳು ದೋಷವಿರುವುದು ಹಿಮೋಗ್ಲೋಬಿನ್ನಿನ ಅಣುವಿನಲ್ಲಿಯೇ ಎಂದು ತೋರಿಸಿದರು. ಕೆಲವೇ ವರ್ಷಗಳಲ್ಲಿ ವರ್ನನ್ ಇಂಗ್ರಾಮ್, ಆ ಅಣುವಿನ ಒಂದು ಸರಪಳಿಯಲ್ಲಿ ಗ್ಲುಟಾಮಿಕ್ ಆಮ್ಲವಿರಬೇಕಾದ ಒಂದೇ ಒಂದು ಸ್ಥಾನದಲ್ಲಿ ವ್ಯಾಲಿನ್ ಬಂದು ಕುಳಿತಿರುವುದೇ ಇಷ್ಟೆಲ್ಲ ಅನರ್ಥಕ್ಕೆ ಮೂಲವೆಂದು ಕಂಡುಕೊಂಡನು.

ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ಜೀನು ಬಂದ ಮಗುವಿಗೆ ಮಾತ್ರ ರೋಗ. ಒಬ್ಬರಿಂದಲೇ ಬಂದಿದ್ದರೆ ಆತ ಅಥವಾ ಆಕೆ ವಾಹಕ. ವಾಹಕರು ಸಾಮಾನ್ಯವಾಗಿ ಗದ್ದೆಯಲ್ಲಿ ದುಡಿದು, ಬೆಟ್ಟ ಹತ್ತಿ ಇಳಿದು, ನಿರೋಗಿಗಳಾಗಿಯೇ ಬಾಳುತ್ತಾರೆ. ಇಬ್ಬರು ವಾಹಕರು ದಂಪತಿಗಳಾದಾಗ, ಪ್ರತಿಯೊಂದು ಬಸಿರಿನಲ್ಲಿಯೂ ರೋಗಿ ಶಿಶು ಹುಟ್ಟುವ ಸಂಭವ ನಾಲ್ಕರಲ್ಲೊಂದು. ಮಲೇರಿಯಾ ಪೀಡಿತ ನಾಡುಗಳಲ್ಲಿ ವಾಹಕ ಮಕ್ಕಳು ಮಾರಕ ಜ್ವರದಿಂದ ಬದುಕುಳಿಯುವುದು ಹೆಚ್ಚೆಂಬುದನ್ನು 1954ರಲ್ಲಿ ಆಂಥನಿ ಆಲಿಸನ್ ತೋರಿಸಿಕೊಟ್ಟ ಮೇಲೆ, ಈ ಜೀನು ಆಫ್ರಿಕೆಯಲ್ಲಿಯೂ ನಮ್ಮ ಕಾಡುಬೆಟ್ಟಗಳಲ್ಲಿಯೂ ಏಕೆ ನೆಲೆಯೂರಿತೆಂಬುದು ಅರ್ಥವಾಯಿತು. ಹಿರಿಯರನ್ನು ಒಂದು ಮೃತ್ಯುವಿನಿಂದ ಕಾಪಾಡಿದ ಗುಣವೇ ಎರಡು ಕಡೆಯಿಂದ ಕೂಡಿಬಂದಾಗ ಮಗುವಿಗೆ ಕಂಟಕವಾಗುತ್ತದೆ. ಇದರಲ್ಲಿ ಯಾರ ಶಾಪವೂ ಇಲ್ಲ, ತಾಯಿಯ ತಪ್ಪಂತೂ ಕಿಂಚಿತ್ತೂ ಇಲ್ಲ. ಸೊಸೆಯ ಕಡೆಯಿಂದ ರೋಗ ಬಂತೆಂದು ದೂರುವ ಮನೆಗಳಲ್ಲಿ ಈ ಮಾತನ್ನು ಬಿಡಿಸಿ ಹೇಳುವುದೂ ಚಿಕಿತ್ಸೆಯ ಒಂದು ಭಾಗವೇ ಸರಿ.

ಭಾರತದಲ್ಲಿ ಈ ಲಕ್ಷಣವನ್ನು ಮೊದಲು ಗುರುತಿಸಿದ್ದು 1952ರಲ್ಲಿ, ಮೈಸೂರಿನ ಗಡಿಗೆ ತಾಗಿದ ನೀಲಗಿರಿಯ ಬುಡಕಟ್ಟುಗಳಲ್ಲಿ, ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು. ಕರ್ನಾಟಕದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ, ಮೈಸೂರು ಕೊಡಗು ಸೀಮೆಗಳ ಜೇನುಕುರುಬರು ಮತ್ತು ಯರವರಲ್ಲಿಯೂ ಇದು ಕಾಣಬರುತ್ತದೆ; 1981ರಲ್ಲಿ ಡಾಕ್ಟರ್ ಎಚ್. ಸುದರ್ಶನ್ ಬಿಳಿಗಿರಿಯಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ಹಾಡಿಗಳಲ್ಲಿ ಇದನ್ನು ಎದುರಿಸುತ್ತ ಬಂದಿದೆ. ಸೋಲಿಗರ ಹಾಡಿಗೂ ಪಾಡೇರಿನ ಗೂಡೆಮೆಂಬ ಗಿರಿಜನ ಕೇರಿಗೂ ನುಡಿ ಬೇರೆ, ಉಡುಗೆ ಬೇರೆ. ಮಕ್ಕಳ ನೋವು ಮಾತ್ರ ಒಂದೇ, ಅದಕ್ಕೆ ಇರುವ ಪರಿಹಾರವೂ ಒಂದೇ.

ಆ ಪರಿಹಾರ ಯಾವುದೆಂಬುದನ್ನು ಕಳೆದ ನಾಲ್ಕು ದಶಕಗಳ ಚಿಕಿತ್ಸಾ ಸಂಶೋಧನೆ ಒಂದೊಂದಾಗಿ ನಿಶ್ಚಯಿಸಿಕೊಟ್ಟಿದೆ. ಈ ಮಕ್ಕಳಲ್ಲಿ ಎಡಪಕ್ಕೆಲುಬಿನ ಕೆಳಗಿರುವ ಗುಲ್ಮವು ಎಳವೆಯಲ್ಲಿಯೇ ಕೆಡುವುದರಿಂದ, ರಕ್ತದಿಂದ ಸೂಕ್ಷ್ಮಜೀವಿಗಳನ್ನು ಸೋಸಿ ತೆಗೆಯುವ ಶಕ್ತಿ ಕುಂದಿ, ನ್ಯುಮೊಕಾಕಸ್ ಎಂಬ ಜೀವಾಣು ಒಂದೇ ದಿನದಲ್ಲಿ ಮಗುವಿನ ಪ್ರಾಣವನ್ನು ಒಯ್ಯಬಲ್ಲುದು. ಅಮೆರಿಕದಲ್ಲಿ ಮೂರು ವರ್ಷಕ್ಕಿಂತ ಕಿರಿಯರಾದ 215 ಮಕ್ಕಳಲ್ಲಿ 105 ಮಂದಿಗೆ ದಿನಕ್ಕೆರಡು ಬಾರಿ ಪೆನಿಸಿಲಿನ್ನನ್ನೂ ಉಳಿದವರಿಗೆ ಹೋಲಿಕೆಗಾಗಿ ಪೆನಿಸಿಲಿನ್ ಇಲ್ಲದ ಮಾತ್ರೆಯನ್ನೂ ಕೊಟ್ಟು ನೋಡಿದ ಪರೀಕ್ಷೆಯ ಫಲಿತಾಂಶ 1986ರಲ್ಲಿ ಪ್ರಕಟವಾಯಿತು: ಪೆನಿಸಿಲಿನ್ ಪಡೆದವರಲ್ಲಿ ಭೀಕರ ಸೋಂಕು ತಗಲಿದ್ದು ಇಬ್ಬರಿಗೆ, ಪಡೆಯದವರಲ್ಲಿ ಹದಿಮೂವರಿಗೆ, ಆ ಹದಿಮೂವರಲ್ಲಿ ಮೂವರು ತೀರಿಕೊಂಡರು. ವ್ಯತ್ಯಾಸ ಇಷ್ಟು ನಿಚ್ಚಳವಾಗಿದ್ದುದರಿಂದ ಪರೀಕ್ಷೆಯನ್ನು ಎಂಟು ತಿಂಗಳು ಮುಂಚಿತವಾಗಿಯೇ ನಿಲ್ಲಿಸಿ ಎಲ್ಲರಿಗೂ ಔಷಧ ಕೊಡಲಾಯಿತು. ಈ ರಕ್ಷಣೆ ಫಲಿಸಬೇಕಾದರೆ ರೋಗ ತಲೆದೋರುವ ಮೊದಲೇ ಅದು ಇರುವುದು ತಿಳಿಯಬೇಕು; ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದ ತಪಾಸಣೆಗೆ ಇಷ್ಟು ಮಹತ್ತ್ವ ಬಂದದ್ದು ಆ ಕಾರಣದಿಂದಲೇ. ನ್ಯುಮೊಕಾಕಸ್ ವಿರುದ್ಧದ ಲಸಿಕೆಯು 2021ರಿಂದ ಭಾರತದಾದ್ಯಂತ ಎಲ್ಲ ಶಿಶುಗಳಿಗೂ ಉಚಿತ ಲಸಿಕೆಗಳ ಸಾಲಿನಲ್ಲಿ ದೊರೆಯುತ್ತಿರುವುದು ಈ ಮಕ್ಕಳಿಗೆ ಇಮ್ಮಡಿ ಲಾಭ.

ಗುಲ್ಮದಿಂದ ಇನ್ನೊಂದು ಗಂಡಾಂತರವೂ ಉಂಟು. ಕೆಲವೊಮ್ಮೆ ದೇಹದ ರಕ್ತದ ದೊಡ್ಡ ಪಾಲು ಹಠಾತ್ತನೆ ಅದರೊಳಗೆ ನುಗ್ಗಿ ಸಿಕ್ಕಿಬಿದ್ದು, ಮಗು ಕೆಲವೇ ಗಂಟೆಗಳಲ್ಲಿ ಬಿಳಿಚಿ ಸೊರಗಿ ಅಸುನೀಗಬಹುದು. ಜಮೈಕಾ ದ್ವೀಪದಲ್ಲಿ 1973ರಿಂದ ನವಜಾತ ಶಿಶುಗಳನ್ನು ತಪಾಸಣೆಗೊಳಪಡಿಸಿ ವರ್ಷಾನುವರ್ಷ ಹಿಂಬಾಲಿಸಿದ ಗ್ರಹಾಂ ಸರ್ಜೆಂಟ್ ಮತ್ತು ಸಂಗಡಿಗರು ಇದಕ್ಕೆ ಹೂಡಿದ ಉಪಾಯದಲ್ಲಿ ಯಂತ್ರವೊಂದೂ ಇರಲಿಲ್ಲ. ಅವರು ತಾಯಂದಿರಿಗೆ ಕಲಿಸಿದರು: ಮಗುವನ್ನು ಅಂಗಾತ ಮಲಗಿಸಿ, ಎಡಪಕ್ಕೆಲುಬಿನ ಅಂಚಿನ ಕೆಳಗೆ ಬೆರಳ ತುದಿಗಳನ್ನು ಮೆಲ್ಲನೆ ಒತ್ತಿ ಹಿಡಿದು, ಮಗು ಉಸಿರೆಳೆದಾಗ ಏನಾದರೂ ಗಟ್ಟಿಯಾದ ಅಂಚು ಬಂದು ತಾಕುವುದೇ ಎಂದು ದಿನವೂ ನೋಡಬೇಕು, ನಿನ್ನೆಗಿಂತ ಇಂದು ಅದು ಕೆಳಕ್ಕೆ ಇಳಿದಿದ್ದರೆ, ಮಗುವಿನ ತುಟಿ ಮತ್ತು ಅಂಗೈ ಬಿಳಿಚಿದ್ದರೆ, ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ಇಷ್ಟರಿಂದಲೇ ಆ ವಿಪತ್ತಿನಲ್ಲಿ ಸಾವಿನ ಪ್ರಮಾಣ ಬಹುವಾಗಿ ತಗ್ಗಿತೆಂದು 1985ರ ವರದಿ ದಾಖಲಿಸಿದೆ. ಓದುಬರಹ ಬಾರದ ತಾಯಿಗೂ ಕರಗತವಾಗಬಲ್ಲ ಈ ವಿದ್ಯೆಯನ್ನು ನಮ್ಮ ಆಶಾ ಕಾರ್ಯಕರ್ತೆಯರು ಮನೆಮನೆಗೆ ಒಯ್ಯಲು ಯಾವ ಅಡ್ಡಿಯೂ ಇರಬಾರದು.

ಇನ್ನು ದಿನನಿತ್ಯದ ಔಷಧ. ಗರ್ಭಸ್ಥ ಶಿಶುವಿನ ಹಿಮೋಗ್ಲೋಬಿನ್ ಬೇರೊಂದು ಬಗೆಯದು. ಅದು ರಕ್ತದಲ್ಲಿ ಉಳಿದಿರುವಷ್ಟು ಕಾಲ, ಅಂದರೆ ಮೊದಲ ಐದಾರು ತಿಂಗಳು, ಕಣಗಳು ಬಾಗುವುದಿಲ್ಲವೆಂಬುದನ್ನು 1948ರಲ್ಲಿಯೇ ಜಾನೆಟ್ ವಾಟ್ಸನ್ ಎಂಬ ಮಕ್ಕಳ ವೈದ್ಯೆ ಗಮನಿಸಿದ್ದರು. ಆ ಶೈಶವದ ಹಿಮೋಗ್ಲೋಬಿನ್ನನ್ನು ಮರಳಿ ಹೆಚ್ಚಿಸುವ ಗುಣ ಹೈಡ್ರಾಕ್ಸಿಯೂರಿಯ ಎಂಬ ಅಗ್ಗದ ಔಷಧದಲ್ಲಿರುವುದು ಮುಂದೆ ತಿಳಿದುಬಂತು. 1995ರಲ್ಲಿ ವಯಸ್ಕರಲ್ಲಿಯೂ, 2011ರಲ್ಲಿ ಒಂಬತ್ತರಿಂದ ಹದಿನೆಂಟು ತಿಂಗಳ ಎಳೆಯರಲ್ಲಿಯೂ ಅದರ ಉಪಯುಕ್ತತೆ ಸಿದ್ಧವಾಯಿತು. ಆದರೂ ಒಂದು ಶಂಕೆ ಉಳಿದಿತ್ತು: ಮಲೇರಿಯಾ, ಅಪೌಷ್ಟಿಕತೆ, ದೂರದ ಆಸ್ಪತ್ರೆ ಇವುಗಳ ನಡುವೆ ಬೆಳೆಯುವ ಬಡ ಮಕ್ಕಳಿಗೆ ಇದು ಕ್ಷೇಮವೇ? ಅಂಗೋಲ, ಕಾಂಗೊ, ಕೆನ್ಯ, ಉಗಾಂಡಗಳ 606 ಮಕ್ಕಳಿಗೆ ಔಷಧ ಕೊಟ್ಟು ನಡೆಸಿದ, 2019ರಲ್ಲಿ ಪ್ರಕಟವಾದ ಪರೀಕ್ಷೆ ಈ ಶಂಕೆಯನ್ನು ಬಹುಮಟ್ಟಿಗೆ ಪರಿಹರಿಸಿತು. ನೂರು ಮಕ್ಕಳು ಒಂದು ವರ್ಷ ಕಳೆಯುವಷ್ಟು ಅವಧಿಯಲ್ಲಿ ನೋವಿನ ಪ್ರಸಂಗಗಳು 98ರಿಂದ 45ಕ್ಕೆ, ಮಲೇರಿಯಾ 47ರಿಂದ 23ಕ್ಕೆ, ರಕ್ತಪೂರಣ 43ರಿಂದ 14ಕ್ಕೆ, ಮರಣ 3.6ರಿಂದ 1.1ಕ್ಕೆ ಇಳಿದುವು. ಕೊನೆಯ ಆ ಒಂದು ಅಂಕಿಯೇ ಸಾಕು.

ಭಾರತದ ರೋಗಿಗಳಲ್ಲಿ ಒಂದು ವಿಶೇಷವುಂಟು. ಒಡಿಶಾದವರಲ್ಲಿಯೂ ಪೂರ್ವ ಅರೇಬಿಯದವರಲ್ಲಿಯೂ ಕಂಡುಬರುವ ಜೀನಿನ ಪಾಠಾಂತರದಲ್ಲಿ ಶೈಶವದ ಹಿಮೋಗ್ಲೋಬಿನ್ ಸ್ವಭಾವತಃ ಹೆಚ್ಚಾಗಿ ಉಳಿಯುವುದರಿಂದ, ಇಲ್ಲಿ ರೋಗ ಸೌಮ್ಯವೆಂದು ಬಹುಕಾಲ ನಂಬಲಾಗಿತ್ತು; ಮಧ್ಯಭಾರತದ ಆಸ್ಪತ್ರೆಗಳ ಅನುಭವ ಈ ನಂಬಿಕೆಯನ್ನು ಸಡಿಲಿಸಿದೆ. ನಾಗಪುರದಲ್ಲಿ 60 ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ತೂಕದ ಕಿಲೋಗ್ರಾಮಿಗೆ ಬರಿಯ 10 ಮಿಲಿಗ್ರಾಮಿನ ನಿಗದಿತ ಪ್ರಮಾಣದಿಂದಲೇ ನೋವಿನ ಪ್ರಸಂಗಗಳೂ ಆಸ್ಪತ್ರೆವಾಸವೂ ಬಹಳವಾಗಿ ಕಡಿಮೆಯಾದುವು. ಅತ್ತ ಉಗಾಂಡದಲ್ಲಿ ನಡೆದು 2020ರಲ್ಲಿ ಹೊರಬಂದ ಪರೀಕ್ಷೆಯಾದರೋ, ಪ್ರಮಾಣವನ್ನು ಸಹಿಸುವಷ್ಟರಮಟ್ಟಿಗೆ ಏರಿಸುತ್ತ ಹೋಗುವುದೇ ಮೇಲೆಂದು ತೋರಿಸಿತು. ಎರಡನ್ನೂ ಕೂಡಿಸಿ ನೋಡಿದಾಗ ವಿವೇಕಕ್ಕೆ ತೋರುವುದಿಷ್ಟು: ರಕ್ತಪರೀಕ್ಷೆಯ ಸೌಕರ್ಯ ಚೆನ್ನಾಗಿದ್ದಲ್ಲಿ ಪ್ರಮಾಣವನ್ನು ಎಚ್ಚರದಿಂದ ಏರಿಸಬಹುದು, ಅದಿಲ್ಲದ ಕಡೆ ಅಲ್ಪ ಪ್ರಮಾಣದಿಂದಲಾದರೂ ಆರಂಭಿಸುವುದು, ಏನನ್ನೂ ಕೊಡದೆ ಕಾಯುವುದಕ್ಕಿಂತ ಎಷ್ಟೋ ಲೇಸು. ಔಷಧವು ಬಿಳಿಯ ರಕ್ತಕಣಗಳನ್ನೂ ತಗ್ಗಿಸಬಲ್ಲುದಾದ ಕಾರಣ ವೈದ್ಯರ ಕಣ್ಗಾವಲು ಬೇಕೇ ಬೇಕು. ನೋವಿಲ್ಲವೆಂದು ನಡುವೆ ನಿಲ್ಲಿಸುವುದೂ ಸಲ್ಲದು.

ಇದರ ಜೊತೆಗೆ ಈ ಮಕ್ಕಳು ನಿತ್ಯ ನುಂಗುವ ಇನ್ನೊಂದು ಮಾತ್ರೆ ಫೋಲಿಕ್ ಆಮ್ಲ. ಅದನ್ನು 1945ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿದ ತಂಡದ ನಾಯಕರು, ಇದೇ ಆಂಧ್ರದ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮಗುವಿನ ಮೆದುಳಿನ ರಕ್ತನಾಳಗಳಲ್ಲಿ ರಕ್ತದ ವೇಗವನ್ನು ಶ್ರವಣಾತೀತ ಧ್ವನಿಯಿಂದ ಅಳೆದು, ಅಪಾಯವಿದ್ದವರಿಗೆ ನಿಯತವಾಗಿ ರಕ್ತ ಕೊಟ್ಟರೆ ಪಾರ್ಶ್ವವಾಯುವನ್ನು ಹತ್ತರಲ್ಲಿ ಒಂಬತ್ತು ಪಾಲು ತಡೆಯಬಹುದೆಂದು 1998ರ ಸಂಶೋಧನೆ ಸ್ಥಾಪಿಸಿತು. 2023ರ ನವೆಂಬರಿನಲ್ಲಿ ಬ್ರಿಟನ್ನೂ ಡಿಸೆಂಬರಿನಲ್ಲಿ ಅಮೆರಿಕವೂ ಜೀನನ್ನೇ ತಿದ್ದುವ ಚಿಕಿತ್ಸೆಗೆ ಒಪ್ಪಿಗೆಯಿತ್ತುವು. ವಿಜ್ಞಾನದ ಈ ಸಾಧನೆ ನಿಜಕ್ಕೂ ಮಹತ್ತಾದುದು. ಆದರೆ ಅದು ಹನ್ನೆರಡು ವರ್ಷ ತುಂಬಿದವರಿಗಾಗಿ ಮಂಜೂರಾದದ್ದು, ಮತ್ತು ಅಮೆರಿಕದಲ್ಲಿ ಅದರ ಬೆಲೆ 20 ಲಕ್ಷ ಡಾಲರನ್ನು ಮೀರುತ್ತದೆ. ಪಾಡೇರಿನ ಒಂಬತ್ತು ತಿಂಗಳ ಕೂಸು ಮೊದಲು ಹನ್ನೆರಡನೆಯ ವರ್ಷವನ್ನು ಮುಟ್ಟಬೇಕು. ಅಲ್ಲಿಯವರೆಗೆ ಅದನ್ನು ಕಾಯುವಂಥವು ಪೆನಿಸಿಲಿನ್, ಲಸಿಕೆ, ಹೈಡ್ರಾಕ್ಸಿಯೂರಿಯ ಮತ್ತು ತಿಳಿವಳಿಕೆಯುಳ್ಳ ತಾಯಿ.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನವು, ಕರ್ನಾಟಕ ಆಂಧ್ರಗಳೂ ಸೇರಿದಂತೆ 17 ರಾಜ್ಯಗಳಲ್ಲಿ ನಲವತ್ತು ವರ್ಷದೊಳಗಿನ ಏಳು ಕೋಟಿ ಜನರ ರಕ್ತ ತಪಾಸಣೆಯನ್ನೂ, 2047ಕ್ಕೆ ಮುಂಚೆ ರೋಗದ ನಿರ್ಮೂಲನವನ್ನೂ ಗುರಿಯಾಗಿರಿಸಿಕೊಂಡಿದೆ. ಮದುವೆಗೆ ಮುನ್ನ ವಧೂವರರು ತಮ್ಮ ರಕ್ತದ ಸ್ಥಿತಿಯನ್ನು ಅರಿತಿರಲೆಂದು ಕಾರ್ಡುಗಳನ್ನೂ ಹಂಚಲಾಗುತ್ತಿದೆ. ಇದೆಲ್ಲ ಶ್ಲಾಘ್ಯವೇ. ಆದರೆ ವಾಹಕಳೆಂಬ ಒಂದೇ ಕಾರಣಕ್ಕೆ ಹುಡುಗಿಯೊಬ್ಬಳ ಮದುವೆ ಮುರಿಯುವಂತಾದರೆ ಆ ಕಾರ್ಡು ಉಪಕಾರಕ್ಕಿಂತ ಅಪಕಾರವನ್ನೇ ಮಾಡೀತು. ಮತ್ತು ರೋಗವಿದೆಯೆಂದು ಹೇಳಿದ ಮೇಲೆ ಔಷಧ ದೊರೆಯದಿದ್ದರೆ ತಪಾಸಣೆಯಿಂದ ಮನೆಗೆ ದಕ್ಕುವುದು ಚಿಂತೆಯೊಂದೇ. ಘಟ್ಟದ ಅನೇಕ ಊರುಗಳಿಂದ ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆಗೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ತೆತ್ತು ತಿಂಗಳು ತಿಂಗಳು ಇಳಿದುಬರಲು ಎಷ್ಟು ಮಂದಿಗೆ ಶಕ್ಯ? ಹೈಡ್ರಾಕ್ಸಿಯೂರಿಯವೂ, ರಕ್ತ ಎಣಿಸುವ ಯಂತ್ರವೂ, ಜ್ವರ ಬಂದ ಮಗುವಿಗೆ ಆ ಗಳಿಗೆಯಲ್ಲಿಯೇ ಚುಚ್ಚುಮದ್ದು ಕೊಡಬಲ್ಲ ದಾದಿಯೂ ಘಟ್ಟದ ಮೇಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಇರಬೇಕು.

ಹಿಂದಿನವರಿಗೆ ರೋಗ ತಿಳಿದಿರಲಿಲ್ಲ, ತಿಳಿದ ಮೇಲೆ ಮದ್ದಿರಲಿಲ್ಲ, ಮದ್ದು ಸಿಕ್ಕ ಮೇಲೆ ಬಡ ನಾಡುಗಳಲ್ಲಿ ಅದು ಕ್ಷೇಮವೇ ಎಂಬ ಸಂದೇಹವಿತ್ತು. ಆಫ್ರಿಕೆಯ ಮಕ್ಕಳು ತಮ್ಮ ಮೈಯ ಮೇಲೆಯೇ ಆ ಪರೀಕ್ಷೆಯನ್ನು ಸಹಿಸಿ ಉತ್ತರ ಒದಗಿಸಿಕೊಟ್ಟಿದ್ದಾರೆ. ಇನ್ನು ತಡಮಾಡುವುದಕ್ಕೆ ಅಜ್ಞಾನದ ನೆವವಿಲ್ಲ. ಹುಟ್ಟಿದ ಮಗುವಿನ ಹಿಮ್ಮಡಿಯ ರಕ್ತವನ್ನು ಪರೀಕ್ಷಿಸುವುದು, ಎರಡು ತಿಂಗಳೊಳಗಾಗಿ ಪೆನಿಸಿಲಿನ್ ಆರಂಭಿಸುವುದು, ತಾಯಿಯ ಬೆರಳಿಗೆ ಗುಲ್ಮದ ಅಂಚನ್ನು ಪರಿಚಯಿಸುವುದು, ಮಾತ್ರೆ ಒಂದು ದಿನವೂ ತಪ್ಪದಂತೆ ನೋಡಿಕೊಳ್ಳುವುದು: ಈ ನಾಲ್ಕು ಕೆಲಸಗಳು ಅರಕಿನಲ್ಲಿಯೂ ಬಿಳಿಗಿರಿಯಲ್ಲಿಯೂ ನಡೆದಾಗಲೇ ಆ ಎಲ್ಲ ಸಂಶೋಧನೆ ಪೂರ್ಣವಾಯಿತೆಂದು ಹೇಳುವ ಅಧಿಕಾರ ನಮಗೆ ಬರುತ್ತದೆ.