ನೆಟ್ ಹೋಯ್ತಾ? ಕಂಪನಿಗೆ ಫೋನ್ ಮಾಡೋ ಮುಂಚೆ ಮೂರು ಪಿಂಗ್ ಹಾಕಿ ನೋಡಿ

ಮಧುಗಿರಿ: ಗ್ರಾಮ ಒನ್ ಕೇಂದ್ರ ಆಗಲಿ, ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿ ಆಗಲಿ, 'ಸರ್ವರ್ ಇಲ್ಲ, ನಾಳೆ ಬನ್ನಿ' ಅನ್ನೋ ಮಾತು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಜನರಿಗೆ ಹೊಸದಲ್ಲ. ಪಹಣಿಗೋ ಜಾತಿ ಪ್ರಮಾಣಪತ್ರಕ್ಕೋ ಹಳ್ಳಿಯಿಂದ ಬಂದವರಿಗೆ ಒಂದು ದಿನದ ಕೂಲಿ, ಬಸ್ ಚಾರ್ಜ್ ಎರಡೂ ಹೋದಂಗೆ. ಆದರೆ ಕೆಟ್ಟಿರೋದು ನಿಜವಾಗ್ಲೂ ಸರ್ವರ್ರೇನಾ, ಹೊರಗಿನ ಲೈನಾ, ಇಲ್ಲಾ ಅಂಗಡಿಯೊಳಗಿನ ರೂಟರಾ? ಪತ್ತೆ ಹಚ್ಚೋಕೆ ಐದು ನಿಮಿಷ ಸಾಕು, ಖರ್ಚೂ ಇಲ್ಲ.

ಮೊದಲು ಫೈಬರ್ ಮೋಡೆಮ್ ನೋಡಿ. ಎಲ್‌ಓಎಸ್ ದೀಪ ಕೆಂಪಗಿದ್ರೆ ಕೇಬಲ್‌ನಲ್ಲಿ ಸಿಗ್ನಲ್ಲೇ ಬರ್ತಿಲ್ಲ ಅಂತ ಅರ್ಥ. ರಸ್ತೆ ಅಗೆಯೋ ಜೆಸಿಬಿ ಕೇಬಲ್ ಕಿತ್ತಿರಬಹುದು, ಲೈನ್‌ಮ್ಯಾನ್‌ನ ಕರೀದೆ ಬೇರೆ ದಾರಿಯಿಲ್ಲ.

ದೀಪ ಸರಿಯಿದ್ರೆ ಪಿಂಗ್. ಅಮೆರಿಕದ ಮೈಕ್ ಮೂಸ್ 1983ರಲ್ಲಿ ಕಂಡುಕೊಂಡ ಈ ಉಪಾಯ ಈಗ ಎಲ್ಲ ವಿಂಡೋಸ್ ಕಂಪ್ಯೂಟರಲ್ಲೂ ಇದೆ, ಡೌನ್‌ಲೋಡ್ ಬೇಡ. ಸ್ಟಾರ್ಟ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಸಿಎಂಡಿ' ಟೈಪ್ ಮಾಡಿದ್ರೆ ಕಪ್ಪು ಪರದೆ ಬರುತ್ತೆ. ಅಲ್ಲಿ 'ಐಪಿಕಾನ್ಫಿಗ್' ಕೊಟ್ರೆ ಡಿಫಾಲ್ಟ್ ಗೇಟ್‌ವೇ ಎದುರು ರೂಟರ್ ನಂಬರ್ ಸಿಗುತ್ತೆ, ಎಷ್ಟೋ ಕಡೆ 192.168.1.1. 'ಪಿಂಗ್' ಅಂತ ಬರೆದು, ಜಾಗ ಬಿಟ್ಟು ಆ ನಂಬರ್ ಹಾಕಿ. ಉತ್ತರ ಬರದಿದ್ರೆ ಹೆಚ್ಚಾಗಿ ತೊಂದರೆ ಅಂಗಡಿಯೊಳಗೇ: ವೈಫೈ, ವೈರು, ರೂಟರು. ಬಂದ್ರೆ ಗೂಗಲ್‌ನ 8.8.8.8ಕ್ಕೆ ಹಾಕಿ. ಅದು ಬರದಿದ್ರೆ ಹೊರಗಿನ ಲೈನ್ ಹೋಗಿದೆ. ಅದೂ ಬಂದು, ಗೂಗಲ್ ಡಾಟ್ ಕಾಮ್ ಅನ್ನೋ ಹೆಸರಿಗೆ ಮಾತ್ರ ಬರದಿದ್ರೆ ಅದು ಡಿಎನ್‌ಎಸ್ ಕಾಟ. ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ 8.8.8.8 ಹಾಕಿದ್ರೆ ಸಾಮಾನ್ಯವಾಗಿ ಸರಿಹೋಗುತ್ತೆ. ಮೂರಕ್ಕೂ ಉತ್ತರ ಬಂತು, ಸರ್ಕಾರಿ ವೆಬ್‌ಸೈಟ್ ಮೊಬೈಲ್ ಡೇಟಾದಲ್ಲೂ ತೆರೀತಿಲ್ಲ ಅಂದ್ರೆ ಆಗ ಧೈರ್ಯವಾಗಿ 'ಸರ್ವರ್ ಇಲ್ಲ' ಅನ್ನಬಹುದು.

ನೆಟ್ ಇದ್ದೂ ತೆವಳ್ತಿದ್ರೆ ಲೆಕ್ಕ ಬೇರೆ. ಆಂಗ್ರಿ ಐಪಿ ಸ್ಕ್ಯಾನರ್ ಅನ್ನೋ ಉಚಿತ ಸಾಫ್ಟ್‌ವೇರ್, ಮೊಬೈಲ್‌ನಲ್ಲಾದ್ರೆ ಫಿಂಗ್ ಆಪ್, ನಿಮ್ಮ ರೂಟರ್‌ಗೆ ಸೇರಿಕೊಂಡಿರೋ ಸಾಧನಗಳ ಪಟ್ಟಿ ಕೊಡುತ್ತೆ. ಅಂಗಡಿಯಲ್ಲಿರೋದು ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಪಟ್ಟಿಯಲ್ಲಿ ಹನ್ನೊಂದು! ವೈಫೈ ಪಾಸ್‌ವರ್ಡ್ ಬೀದಿಗೆಲ್ಲ ಗೊತ್ತಾಗಿದೆ, ಇವತ್ತೇ ಬದಲಿಸಿ. ಪ್ರಿಂಟರ್ ದಿಢೀರ್ ನಿಂತಿದ್ರೂ ಇದೇ ಪಟ್ಟಿ ನೋಡಿ. ಕರೆಂಟ್ ಹೋಗಿ ಬಂದಾಗ ರೂಟರ್ ಅದಕ್ಕೆ ಹೊಸ ನಂಬರ್ ಕೊಟ್ಟಿರುತ್ತೆ, ಕಂಪ್ಯೂಟರ್ ಇನ್ನೂ ಹಳೇದನ್ನೇ ಹುಡುಕ್ತಿರುತ್ತೆ.

1997ರಲ್ಲಿ ಬಂದ ಎನ್‌ಮ್ಯಾಪ್ ಇದಕ್ಕಿಂತ ಬಲವಾದ್ದು, ಆದರೆ ಅಂಗಡಿಗೆ ಅಷ್ಟು ಬೇಕಾಗಲ್ಲ. ಯಾವುದೇ ಆದ್ರೂ ಅದರ ಸ್ವಂತ ವೆಬ್‌ಸೈಟ್‌ನಿಂದಲೇ ಇಳಿಸ್ಕೊಳ್ಳಿ, ನಿಮ್ಮ ನೆಟ್‌ವರ್ಕ್ ಮೇಲಷ್ಟೇ ಓಡಿಸಿ. ದುರುದ್ದೇಶದಿಂದ ಬೇರೆಯವರ ನೆಟ್‌ವರ್ಕ್‌ಗೆ ನುಗ್ಗಿದ್ರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷ ರೂ.ವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.